ಹೇಮಪ್ಪ ಕಟ್ಟಿದ ಹುತ್ತ

ಬ್ಯಾಡಗಿಯಲ್ಲಿ ಗೇಟು, ಗ್ರಿಲ್ಲು, ಶೆಟರು ಬೇಕಾದವರು ಮೋಟೆಬೆನ್ನೂರು ರಸ್ತೆಯಲ್ಲಿರುವ ಹೇಮಪ್ಪನ ವೆಲ್ಡಿಂಗ್ ಶಾಪಿಗೆ ಹೋಗುತ್ತಾರೆ. ಬರೀ ಗೇಟು ಸಾಕು, ಅದರ ಜೊತೆ ಉಪದೇಶ ಬೇಡ ಎನ್ನುವವರು ಪಕ್ಕದ ಶಾಪಿಗೆ ಹೋಗುತ್ತಾರೆ. ಹೇಮಪ್ಪನ ಕೈಗೆಲಸಕ್ಕೆ ಹೆಸರಿಡುವ ಹಾಗಿಲ್ಲ. ಅವನು ಹಾಕಿದ ಬೆಸುಗೆ ಬಿಟ್ಟಿತೆಂದು ಯಾರೂ ತಿರುಗಿ ಬಂದದ್ದಿಲ್ಲ. ಆದರೆ ಗೇಟಿನ ಮಾತು ತೆಗೆದ ಕೂಡಲೇ ಅವನು ಮೊದಲು ಬಾವಲಿ ತನ್ನ ರೆಕ್ಕೆಯನ್ನು ಹೇಗೆ ಮಡಚುತ್ತದೆ ಎಂದು ತೋರಿಸುತ್ತಾನೆ. ಅಳತೆ ತೆಗೆದುಕೊಳ್ಳುವುದು ಆಮೇಲೆ.

ಹುಟ್ಟಿದ್ದು ಹಾವೇರಿ ಪಕ್ಕದ ಅಗಡಿಯಲ್ಲಿ. ಚಿಕ್ಕಂದಿನಲ್ಲಿ ಎಮ್ಮೆ ಕಾಯಲು ಕಳಿಸಿದರೆ ಬಾವಿಯ ಮೇಲೆ ಜೋತಾಡುವ ಗೀಜಗನ ಗೂಡು ನೋಡುತ್ತ ನಿಂತುಬಿಡುತ್ತಿದ್ದ. ಹೊತ್ತು ಮುಳುಗಿದ ಮೇಲೆ ಎಮ್ಮೆ ತಾನಾಗಿಯೇ ಮನೆ ಸೇರುತ್ತಿತ್ತು. ಇವನನ್ನು ಹುಡುಕಲು ಮಂದಿ ಹೋಗಬೇಕಾಗುತ್ತಿತ್ತು. ಹಾವೇರಿಯಲ್ಲಿ ಐಟಿಐ ಮುಗಿಸಿದ, ಬ್ಯಾಡಗಿಯ ದ್ರಾಕ್ಷಾಯಿಣಿಯನ್ನು ಮದುವೆಯಾದ, ಹೆಂಡತಿಯ ಊರಿನಲ್ಲೇ ಶಾಪು ಹಾಕಿದ. ಬಹಳ ವರ್ಷ ಎಲ್ಲ ನೆಟ್ಟಗೇ ನಡೆಯಿತು. ಆಮೇಲೆ ಕೈಗೆ ಮೊಬೈಲು ಬಂತು.

ಮೊಬೈಲಿನಲ್ಲಿ ಒಂದು ದಿನ ಅವನು ಜಪಾನಿನ ರೈಲು ನೋಡಿದ. ಮಿಂಚುಳ್ಳಿಯ ಕೊಕ್ಕನ್ನು ನೋಡಿ ಅದರ ಮೂತಿ ಮಾಡಿದ್ದಾರಂತೆ. ನಾಯಿಯ ಮೈಗೆ ಅಂಟುವ ಮುಳ್ಳುಕಾಯಿ ನೋಡಿ ಚಪ್ಪಲಿಗೆ ಅಂಟುವ ಪಟ್ಟಿ ಮಾಡಿದ್ದಾರಂತೆ. ನಿಸರ್ಗದಲ್ಲಿ ಎಲ್ಲ ಮೊದಲೇ ಇದೆ, ಇಂಜಿನಿಯರನೆಂದರೆ ಅದನ್ನು ನೋಡಿ ಬರೆದುಕೊಳ್ಳುವವನು ಅಷ್ಟೇ ಎಂದು ಆ ವಿಡಿಯೋದವನು ಹೇಳಿದ. ಹೇಮಪ್ಪನಿಗೆ ಅದು ಗುರುವಾಕ್ಯವಾಯಿತು. ಹುಚ್ಚು ಬಿಡದೆ ಮದುವೆಯಾಗುವುದಿಲ್ಲ, ಮದುವೆಯಾಗದೆ ಹುಚ್ಚು ಬಿಡುವುದಿಲ್ಲ ಎಂದು ಗಾದೆಯೇನೋ ಇದೆ. ಮದುವೆಯಾಗಿ ಇಷ್ಟು ವರ್ಷದ ಮೇಲೆ ಹಿಡಿಯುವ ಹುಚ್ಚಿಗೆ ಏನು ಮಾಡಬೇಕೆಂದು ಮಾತ್ರ ಗಾದೆ ಹೇಳುವುದಿಲ್ಲ.

ಮೊದಲು ಒಬ್ಬ ಮಾಸ್ತರರ ಹೊಸ ಮನೆಯ ಕಿಟಕಿಗೆ ಜೇಡರ ಬಲೆಯ ಹಾಗೆ ಗ್ರಿಲ್ಲು ಮಾಡಿ ಕೂಡಿಸಿದ. ಕಡಿಮೆ ಕಬ್ಬಿಣ, ಹೆಚ್ಚು ಬಲ. ಮಾಸ್ತರರ ಹೆಂಡತಿ ನೋಡಿ, "ಮಂದಿ ಕಸಬರಗಿ ತಗೊಂಡು ಜಾಡ ಹೊಡೀತಾರ, ನೀ ರೊಕ್ಕ ತಗೊಂಡು ಜಾಡ ಕಟ್ಟೀದಿ. ಬಿಚ್ಚಿಕೊಂಡು ಹೋಗು" ಎಂದಳು. ಮುಂದೆ ಪಾನ್ ಶಾಪಿನ ಮೈಲಪ್ಪನಿಗೆ ಒಂಟಿ ಕಾಲಿನ ಸ್ಟೂಲು ಮಾಡಿಕೊಟ್ಟ. ಕೊಕ್ಕರೆ ಇಡೀ ದಿನ ಒಂದೇ ಕಾಲಿನ ಮೇಲೆ ನಿಲ್ಲುವುದಿಲ್ಲವೇ? ಕೊಕ್ಕರೆ ನಿದ್ದೆ ಹೋದರೂ ಬೀಳುವುದಿಲ್ಲ, ಮೈಲಪ್ಪ ಎಚ್ಚರವಿದ್ದೇ ಬಿದ್ದ. ತಪ್ಪು ಮೈಲಪ್ಪನದೇ ಎಂದು ಹೇಮಪ್ಪ ಇವತ್ತಿಗೂ ನಂಬಿದ್ದಾನೆ.

ಇಷ್ಟೆಲ್ಲ ಆದರೂ ದ್ರಾಕ್ಷಾಯಿಣಿ ಗಂಡನ ಕೆಲಸದ ಬಗ್ಗೆ ಒಂದು ಮಾತೂ ಆಡಿದವಳಲ್ಲ. ಬಯ್ಯಲಿಲ್ಲ, ಹೊಗಳಲೂ ಇಲ್ಲ. ಊರಿಗೆ ಊರೇ ನಕ್ಕರೂ ಹೇಮಪ್ಪ ಸಹಿಸಬಲ್ಲ. ಆದರೆ ಅವಳು ಒಂದು ಸಲ, ಒಂದೇ ಒಂದು ಸಲ, ಚಲೋ ಆಗೇತಿ ಅಂದಿದ್ದರೆ ಆಗಿತ್ತು. ಅದನ್ನು ಕೇಳಿ ಪಡೆಯುವುದು ಹೇಗೆ ಎಂದು ಯಾವ ವಿಡಿಯೋದಲ್ಲೂ ಇರಲಿಲ್ಲ.

ಅವಳಿಗೆ ತನ್ನದೇ ಕೆಲಸವಿತ್ತು. ಮಾಲತೇಶಪ್ಪನ ಶೆಡ್ಡಿನಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸಲು ಹೋಗುತ್ತಿದ್ದಳು. ತಗಡಿನ ಶೆಡ್ಡು, ನಡುವೆ ಕೆಂಪಗೆ ರಾಶಿ, ಸುತ್ತಲೂ ಮೂಗಿಗೆ ಸೆರಗು ಕಟ್ಟಿಕೊಂಡ ಹೆಂಗಸರು. ಹೊರಗಿನವರು ಬಾಗಿಲಲ್ಲಿ ಇಣುಕಿದರೆ ಸಾಕು, ಘಾಟಿಗೆ ಸೀನುತ್ತ ಓಡುತ್ತಾರೆ. ಒಳಗಿದ್ದವರು ರೂಢಿಯಾಗಿದೆ ಎನ್ನುತ್ತಾರೆ. ದ್ರಾಕ್ಷಾಯಿಣಿಯೂ ಹಾಗೆಯೇ ಎನ್ನುತ್ತಿದ್ದಳು, ಎನ್ನುವಾಗಲೇ ಕೆಮ್ಮುತ್ತಿದ್ದಳು. ಬರಬರುತ್ತ ಕೆಮ್ಮು ಶೆಡ್ಡು ಬಿಟ್ಟು ಅವಳ ಜೊತೆ ಮನೆಗೂ ಬಂತು, ಹಾಸಿಗೆಗೂ ಬಂತು. ರಾಣೆಬೆನ್ನೂರಿನ ಡಾಕ್ಟರು ಎದೆ ನೋಡಿ, ಮೆಣಸಿನಕಾಯಿ ಬಿಟ್ಟುಬಿಡು, ಇಲ್ಲದಿದ್ದರೆ ಉಸಿರೇ ಕೈಕೊಡುತ್ತದೆ ಎಂದರು. ಬ್ಯಾಡಗಿಯವರಿಗೆ ಮೆಣಸಿನಕಾಯಿ ಬಿಡು ಎಂದು ಹೇಳಲು ರಾಣೆಬೆನ್ನೂರಿನವರೇ ಆಗಬೇಕು.

"ಬಿಟ್ಟು ಮನ್ಯಾಗ ಕುಂದ್ರು" ಎಂದ ಹೇಮಪ್ಪ.

"ಮನ್ಯಾಗ ಕುಂತು ಯಾರ ಕೂಡ ಮಾತಾಡ್ಲಿ? ನೀವೇನೋ ಬಾವಲಿ ಕೂಡ ಮಾತಾಡ್ತೀರಿ. ನನಗ ಮುಮ್ತಾಜಬಿ ಬೇಕು."

ಮುಮ್ತಾಜಬಿ ಎಂದರೆ ಶೆಡ್ಡಿನಲ್ಲಿ ಅವಳ ಮಗ್ಗುಲಲ್ಲಿ ಕೂರುವವಳು. ಇಬ್ಬರೂ ಮದುವೆಯಾದ ಹೊಸತರಲ್ಲಿ ಆ ರಾಶಿಯ ಮುಂದೆ ಕೂತವರು, ಇನ್ನೂ ಎದ್ದಿಲ್ಲ. ಹೆರಿಗೆ, ಜಗಳ, ಅತ್ತೆಯ ಸಾವು, ಎಲ್ಲವೂ ಆ ರಾಶಿಯ ಮುಂದೆಯೇ ಮಾತಾಗಿ ಮುಗಿದಿವೆ. ಹೆಂಡತಿ ಶೆಡ್ಡು ಬಿಡುವುದಿಲ್ಲ ಎಂದು ಹೇಮಪ್ಪನಿಗೆ ಗೊತ್ತಾಯಿತು. ಮಗ್ಗುಲಲ್ಲಿ ಮಲಗಿದವಳು ಕೆಮ್ಮಿದರೆ ಇವನ ಎದೆಯೊಳಗೆ ಯಾರೋ ಕಬ್ಬಿಣ ಉಜ್ಜಿದಂತಾಗುತ್ತಿತ್ತು. ಅವನಿಗೆ ಹೆದರಿಕೆಯಾಗಿತ್ತು. ಹೆದರಿಕೆಯಾಗಿದೆ ಎಂದು ಹೆಂಡತಿಗೆ ಹೇಳುವ ಗಂಡಸರು ಆ ಓಣಿಯಲ್ಲಿ ಇರಲಿಲ್ಲವಾದ್ದರಿಂದ ಅವನು ಮೊಬೈಲು ತೆಗೆದುಕೊಂಡು ಮಾಳಿಗೆ ಹತ್ತಿದ.

ಮಾಳಿಗೆಯಿಂದ ಇಳಿದದ್ದು ಹುತ್ತದ ಸಮೇತ. ಆಫ್ರಿಕಾದಲ್ಲಿ ಗೆದ್ದಲಿನ ಹುತ್ತ ನೋಡಿ ದೊಡ್ಡ ಕಟ್ಟಡವನ್ನೇ ಕಟ್ಟಿದ್ದಾರೆ, ಅದಕ್ಕೆ ಏಸಿ ಬೇಕಾಗಿಲ್ಲ. ತಂಪು ಗಾಳಿ ಕೆಳಗಿನ ಬಾಯಿಗಳಿಂದ ಒಳಗೆ ಬರುತ್ತದೆ, ಬಿಸಿಯಾದದ್ದು ಮೇಲೇರಿ ನೆತ್ತಿಯಿಂದ ಹೊರಗೆ ಹೋಗುತ್ತದೆ. ಶೆಡ್ಡಿನ ಹಿಂದಿನ ಗೋಡೆಗೆ ಅಂಥದ್ದೊಂದನ್ನು ಆನಿಸಿ ಕಟ್ಟಿದರೆ ಘಾಟೂ ಗಾಳಿಯ ಜೊತೆ ಹೋಗುತ್ತದೆ. ಶೆಡ್ಡಿನ ಧಣಿ ಮಾಲತೇಶಪ್ಪನಿಗೆ ಕೇಳಿದಾಗ ಅವನು ಒಂದೇ ಪ್ರಶ್ನೆ ಹಾಕಿದ.

"ಖರ್ಚು ನಂದಲ್ಲ ಹೌದಿಲ್ಲೊ?"

"ಅಲ್ಲರಿ."

"ಹಂಗಾರ ಹುತ್ತರ ಕಟ್ಟು, ಗುಡ್ಡರ ಕಟ್ಟು."

ಗೋಡೆ ಕೆಲಸಕ್ಕೆ ಹೇಮಪ್ಪ ತನ್ನ ಹಳೆಯ ಗೆಳೆಯ, ಗೌಂಡಿ ಗೂಡುಸಾಬನನ್ನು ಕರೆದ. ಗೂಡುಸಾಬ ಎಲ್ಲ ಕೇಳಿ, ಬೀಡಿ ಹಚ್ಚಿ, "ಹೇಮಣ್ಣ, ಒಂದು ತಗಡಿನ ಪೈಪ್ ನಿಲ್ಲಿಸಿ ಒಳಗ ಫ್ಯಾನ್ ಕುಂದ್ರಿಸಿದ್ರ ಆತಲ್ಲೊ" ಎಂದ.

"ಗೆದ್ದಲ ಫ್ಯಾನ್ ಹಚ್ಚೇತೇನು?"

"ಇಲ್ಲ ಖರೇ. ಆದ್ರ ಗೆದ್ದಲ ಮೆಣಸಿನಕಾಯಿ ತೊಟ್ಟೂ ಬಿಡಸಂಗಿಲ್ಲ."

"ಫ್ಯಾನಿಗೆ ಕರೆಂಟ್ ಬೇಕು. ಮಾಲತೇಶಪ್ಪ ಕರೆಂಟ್ ಕೊಡ್ತಾನೇನು?"

ಈ ಮಾತಿಗೆ ಗೂಡುಸಾಬ ಒಪ್ಪಿದ. ಒಳಗೆ ಎರಡು ಕೊಳವೆ ಎಬ್ಬಿಸಿದ. ಒಂದರಿಂದ ಗಾಳಿ ಶೆಡ್ಡಿನ ನೆಲಕ್ಕೆ ಬರಲು, ಇನ್ನೊಂದರಿಂದ ಘಾಟು ನೆತ್ತಿಗೆ ಹೋಗಲು. ಅಲ್ಲಿಗೆ ನಿಲ್ಲಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಹೇಮಪ್ಪನಿಗೆ ಕೊಳವೆ ಕೆಲಸ ಮಾಡಿದರೆ ಸಾಲದು, ನೋಡಿದವರು ಹುತ್ತ ಎನ್ನಬೇಕು. ಅಗಡಿಗೆ ಹೋಗಿ ಹೊಲದ ಬದುವಿನ ಹುತ್ತಗಳ ಸುತ್ತ ತಿರುಗಾಡಿ ಫೋಟೋ ಹೊಡೆದುಕೊಂಡು ಬಂದ. ಕಬ್ಬಿಣದ ಸರಳು ಬಾಗಿಸಿ ಹಂದರ ಹೆಣೆದ, ಮೇಲೆ ಕೆಮ್ಮಣ್ಣು ಮೆತ್ತಿದ, ಸುಕ್ಕು, ಗಂಟು, ಕೋಡು, ಬಾಯಿ ಎಲ್ಲವನ್ನೂ ಕೈಯಿಂದಲೇ ತಿದ್ದಿದ.

"ಒಳಗ ಹೆಂಗರ ಇರ್ಲಿ, ಹೊರಗ ಈ ಶೃಂಗಾರ ಯಾಕೊ?" ಎಂದು ಗೂಡುಸಾಬ ಕೇಳಿದರೆ, "ನಿಸರ್ಗದಾಗ ಒಂದು ಸುಕ್ಕೂ ಸುಮ್ಮನ ಇರಂಗಿಲ್ಲ" ಎಂದು ಉತ್ತರ. ಉಪಯೋಗವೆಲ್ಲ ಒಳಗಿತ್ತು, ಹೊರಗಿದ್ದದ್ದು ಬರೀ ಹೇಮಪ್ಪನ ಹಮ್ಮು. ಹಿಂದೆ ಒಂದು ಬೇವಿನ ಮರ ಬೇರೆ ಇತ್ತು. ಬೇವಿನ ಬುಡದಲ್ಲಿ ಕೆಮ್ಮಣ್ಣಿನ ಹುತ್ತ ಆಳೆತ್ತರ ದಾಟಿ ಶೆಡ್ಡಿನ ತಗಡಿಗಿಂತ ಮೇಲೆ ಎದ್ದು ನಿಂತಾಗ ಅದನ್ನು ನೋಡಿ ಗೆದ್ದಲೂ ಮೋಸಹೋಗುತ್ತಿತ್ತು.

ಗಾಳಿ ಆಡುತ್ತದೋ ಇಲ್ಲವೋ ನೋಡಲು ಹೇಮಪ್ಪ ಕೆಳಗಿನ ಬಾಯಿಯ ಮುಂದೆ ಊದಿನಕಡ್ಡಿ ಹಚ್ಚಿ ಹಿಡಿದ. ಹೊಗೆ ಸುಮ್ಮನೆ ಮೇಲೇಳದೆ ಬಾಗಿ ಒಳಗೆ ಹೋಯಿತು. ಶೆಡ್ಡಿನೊಳಗೆ ಹೋಗಿ ಮೇಲಿನ ಕಿಂಡಿಯ ಮುಂದೆ ಹಿಡಿದ. ಅಲ್ಲೂ ಹೊಗೆ ಹುತ್ತದೊಳಗೇ ಹೋಯಿತು. ಗೂಡುಸಾಬ ಟೋಪಿ ತೆಗೆದು ತಲೆ ಕೆರೆದುಕೊಂಡ. ಹುತ್ತದ ಮುಂದೆ ಊದಿನಕಡ್ಡಿ ಹಚ್ಚಿದ ಮೊದಲ ಮನುಷ್ಯ ತಾನೇ ಎಂಬುದು ಹೇಮಪ್ಪನಿಗೆ ಹೊಳೆದದ್ದು ಬಹಳ ತಡವಾಗಿ.

ಅದು ಕೆಲಸ ಮಾಡಿತು. ಇದನ್ನು ಒತ್ತಿ ಹೇಳಬೇಕು, ಯಾಕೆಂದರೆ ಮುಂದೆ ಯಾರೂ ಇದನ್ನು ನೆನಪಿಟ್ಟುಕೊಳ್ಳಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಭಟ್ಟಿಯಾಗುತ್ತಿದ್ದ ಶೆಡ್ಡಿನಲ್ಲಿ ಕೂತವರ ಪಾದಕ್ಕೆ ಗಾಳಿ ತಾಗತೊಡಗಿತು. ಹೆಂಗಸರು ಒಬ್ಬೊಬ್ಬರಾಗಿ ಮೂಗಿನ ಮೇಲಿನ ಸೆರಗು ಇಳಿಸಿದರು. ಪಕ್ಕದವಳ ಮುಖವನ್ನು ಇಡೀ ನೋಡಿ ಎಷ್ಟೋ ಕಾಲವಾಗಿತ್ತು ಎಂದು ಮುಮ್ತಾಜಬಿ ನಕ್ಕಳು. ದ್ರಾಕ್ಷಾಯಿಣಿ ಒಂದಿಡೀ ದಿನ ಕೆಮ್ಮದೆ ಕೂತಳು. ಕೆಲವು ವಾರಕ್ಕೆ ಮನೆಯಲ್ಲೂ ಕೆಮ್ಮು ನಿಂತಿತು.

ಆ ದಿನಗಳಲ್ಲಿ ಹೇಮಪ್ಪ ಊಟಕ್ಕೆ ಕೂತಾಗಲೆಲ್ಲ ಹೆಂಡತಿಯ ಮುಖ ನೋಡುತ್ತಿದ್ದ. ಅವಳೂ ಒಂದು ಗಳಿಗೆ ಅವನ ಮುಖ ನೋಡುವಳು, ಏನೋ ಹೇಳುವವಳ ಹಾಗೆ ಬಾಯಿ ತೆರೆಯುವಳು.

"ಪುಂಡಿಪಲ್ಯಾ ಹಾಕ್ಲೇನು?"

ಹೇಮಪ್ಪ ಹಾಕು ಎನ್ನುವನು. ಬೇರೆ ಏನು ಎನ್ನಲಿಕ್ಕಿತ್ತು?

ಒಂದು ಬೆಳಗ್ಗೆ ಹುತ್ತದ ಮೇಲೆ ಅರಿಸಿನ, ಕುಂಕುಮ ಕಂಡವು. ಯಾರೋ ತಮಾಷೆಗೆ ಮಾಡಿದ್ದಾರೆಂದು ಹೇಮಪ್ಪ ಅಂಗೈಯಿಂದ ಒರೆಸಿದ. ಮಾರನೆಯ ದಿನ ಅರಿಸಿನದ ಜೊತೆ ಹೂವೂ ಬಂತು. ವಾರ ಕಳೆಯುವಷ್ಟರಲ್ಲಿ ಹಸಿರು ಬಳೆ, ಕುಬಸದ ಕಣ, ಒಡೆದ ಕಾಯಿ. ಆಮೇಲೆ ಹಾವು ಕಂಡಿತು. ಹಾವನ್ನು ಯಾರು ನೋಡಿದರು ಎಂದು ಕೇಳಿದರೆ ನೋಡಿದವರನ್ನು ನೋಡಿದವರು ಸಿಗುತ್ತಿದ್ದರು. ಗೆದ್ದಲು ಕಟ್ಟಿದ ಹುತ್ತ ಹಾವಿಗೆ ಮನೆಯಾಯಿತು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಇಲ್ಲಿ ಹಾವೂ ಬರಬೇಕಾಗಲಿಲ್ಲ, ಸುದ್ದಿ ಬಂದರೆ ಸಾಕಾಯಿತು.

ಮಾಲತೇಶಪ್ಪ ದಿನಾ ಬೆಳಗ್ಗೆ ಚಪ್ಪಲಿ ಕಳಚಿ ಕೈ ಮುಗಿಯತೊಡಗಿದ. ನಾಗಪ್ಪ ಮಳೆಯಲ್ಲಿ ನೆನೆಯಬಾರದೆಂದು ಹುತ್ತದ ನೆತ್ತಿಗೆ ತಗಡಿನ ಛಾವಣಿ ಹೊದಿಸಿದ, ಗಾಳಿಗೆ ಹಾರಬಾರದೆಂದು ಅದನ್ನು ಬಿಗಿಯಾಗಿ ಬಡಿಸಿದ. ಮೊದಲು ಕರೆಂಟಿನ ಮಾತೆತ್ತಿದರೆ ಕಿವಿ ಕೇಳದವನಂತಿದ್ದವನು ಈಗ ತಾನೇ ಮುಂದೆ ನಿಂತು ದೇವರ ದೀಪಕ್ಕೆ ವೈರು ಎಳೆಸಿದ. ಇಷ್ಟರಲ್ಲಿ ಶ್ರಾವಣ ಬಂತು. ಪಂಚಮಿಯ ದಿನ ಓಣಿಯ ಹೆಂಗಸರೆಲ್ಲ ಹಾಲಿನ ತಂಬಿಗೆ ಹಿಡಿದು ಸಾಲುಗಟ್ಟಿದರು. ನಾಗಪ್ಪನಿಗೆ ಹಾಲೆರೆಯುವಾಗ ಮನೆಮಂದಿಯನ್ನೆಲ್ಲ ನೆನೆದು ಒಬ್ಬೊಬ್ಬರ ಪಾಲು ಎರೆಯುವ ಪದ್ಧತಿ. ಅಪ್ಪನ ಪಾಲು, ಅವ್ವನ ಪಾಲು, ಅಣ್ಣನ ಪಾಲು, ತಮ್ಮನ ಪಾಲು. ತುಂಬಿದ ಮನೆಗಳ ಊರದು. ಅಷ್ಟೂ ಜನರ ಪಾಲು ಕೆಳಗಿನ ಬಾಯಿಗಳಿಗೆ ಇಳಿಯಿತು, ಅದರ ಹಿಂದೆ ಜೋಳದ ಅಳ್ಳು, ತಂಬಿಟ್ಟು, ಹೂವು ಇಳಿದವು. ಹಾಲು ಕುಡಿದ ಕೆಮ್ಮಣ್ಣು ಕರಗಿ ಬಾಯಿಗಳನ್ನೆಲ್ಲ ಮೆತ್ತಿಕೊಂಡಿತು. ಮೇಲೆ ಛಾವಣಿ, ಕೆಳಗೆ ನೈವೇದ್ಯ. ಹೇಮಪ್ಪನ ಇಂಜಿನಿಯರಿಂಗಿಗೆ ಭಕ್ತಿಯು ಉಸಿರಾಡಲು ಎಳ್ಳಷ್ಟೂ ಜಾಗ ಬಿಡಲಿಲ್ಲ.

ಪಂಚಮಿ ಮುಗಿದು ಕೆಲಸಕ್ಕೆ ಕೂತ ದಿನವೇ ಘಾಟು ಮೊದಲಿನಂತಾಯಿತು. ಸೆರಗುಗಳು ಮೂಗಿಗೆ ಏರಿದವು. "ನಾಗಪ್ಪ ಬರೂಕಿಂತ ಮೊದಲ ಗಾಳಿ ಬರ್ತಿತ್ತು" ಎಂದು ಮುಮ್ತಾಜಬಿ ಸೆರಗಿನೊಳಗೇ ಗೊಣಗಿದಳು. ದ್ರಾಕ್ಷಾಯಿಣಿ ಕೆಮ್ಮಿದಳು. ಸಂಜೆ ಮನೆಗೆ ಬಂದು ಕಟ್ಟೆಯ ಮೇಲೆ ಕೂತು, ಎದೆ ಹಿಡಿದುಕೊಂಡು, ಮಾತಾಡಲು ಆಗದಷ್ಟು ಕೆಮ್ಮಿದಳು. ಹೇಮಪ್ಪ ನೀರು ತಂದುಕೊಟ್ಟ.

ಬೆಳಗಾಗುತ್ತಲೇ ಅವನು ಶಾಪಿನಿಂದ ಒಂದು ಸಲಾಕಿ ತಂದು ಹುತ್ತದ ಬಾಯಿಗಳನ್ನು ಕೆದರಲು ನಿಂತ. ಕೆಲಸಕ್ಕೆ ಎಲ್ಲರಿಗಿಂತ ಮೊದಲು ಬರುವ ಮಂಗಳವ್ವ ಅದನ್ನು ನೋಡಿಬಿಟ್ಟಳು. ಶೆಡ್ಡಿನಲ್ಲಿ ಎಲ್ಲರಿಗೂ ಹಿರಿಯಳು, ಮಾತಿನಲ್ಲೂ ಹಿರಿಯಳು.

"ನಾಗಪ್ಪನ ಮನಿಗೆ ಸಲಾಕಿ ಹಾಕಾಕತ್ತಿ. ನಿನಗ ಹೆಂಡ್ರು ಮಕ್ಕಳು ಅದಾರೋ ಇಲ್ಲೋ?"

"ಹೆಂಡತಿ ಸಲುವಾಗೇ ಹಾಕಾಕತ್ತೇನಿ, ಯವ್ವಾ. ಇದನ್ನ ಕಟ್ಟಿದಾಂವ ನಾನು. ನೀನೂ ನೋಡೀದಿ."

"ನೋಡೇನಿ, ಯಾರು ಇಲ್ಲಂದ್ರು? ಎಲ್ಲಾ ಹುತ್ತಾನೂ ಯಾರರ ಕಟ್ಟೇ ಕಟ್ಟಿರತಾರ. ಗೆದ್ದಲ ಎಂದರ ಬಂದು ಇದು ನಂದು ಅಂತ ಕೇಳೇತೇನು?"

ಹೇಮಪ್ಪ ಸಲಾಕಿ ಕೆಳಗಿಟ್ಟ. ನಿಸರ್ಗವನ್ನು ಅವಳು ಅವನಿಗಿಂತ ಪೂರ್ತಿಯಾಗಿ ಓದಿದ್ದಳು. ಅಷ್ಟರಲ್ಲಿ ಮಾಲತೇಶಪ್ಪನೂ ಬಂದ. ಹೇಮಪ್ಪ ಗಾಳಿಯ ಕಥೆ ಹೇಳಿದ, ಘಾಟಿನ ಕಥೆ ಹೇಳಿದ, ಹೆಂಡತಿಯ ಎದೆಯ ಕಥೆಯನ್ನೂ ಹೇಳಿದ. ಮಾಲತೇಶಪ್ಪ ಎಲ್ಲ ಕೇಳಿ ಮರುಗಿದ. ಮರುಗಿ, "ಹುತ್ತ ಒಂದು ಮುಟ್ಟಬ್ಯಾಡ. ಉಳಿದದ್ದು ಎಲ್ಲಿ ಏನರ ಮಾಡ್ಕೊ" ಎಂದ. ದ್ರಾಕ್ಷಾಯಿಣಿಗೆ ಗುಣವಾಗಲೆಂದು ನಾಗಪ್ಪನಿಗೆ ತಾನೇ ಬೇಡಿಕೊಳ್ಳುವುದಾಗಿಯೂ ಮಾತು ಕೊಟ್ಟ.

ಹೇಮಪ್ಪ ನೆಟ್ಟಗೆ ಗೂಡುಸಾಬನ ಮನೆಗೆ ಹೋದ. ಶೆಡ್ಡಿನ ಇನ್ನೊಂದು ಗೋಡೆಗೆ ಪೈಪು ನಿಲ್ಲಿಸಬೇಕು, ಒಳಗೆ ಫ್ಯಾನು ಕೂಡಿಸಬೇಕು, ದೇವರ ದೀಪದ ವೈರಿನಿಂದಲೇ ಅದಕ್ಕೂ ಕರೆಂಟು ಎಳೆಯಬೇಕು. ನಾನು ಮೊದಲೇ ಹೇಳಿದ್ದೆ ಎನ್ನಲು ಗೂಡುಸಾಬನಿಗೆ ಹಕ್ಕಿತ್ತು. ಗೆಳೆಯನ ಮುಖ ನೋಡಿ ಅವನು ಅದನ್ನು ನುಂಗಿಕೊಂಡ. ಆದರೆ ಈಗ ಹೊಸದೊಂದು ತೊಡಕು ಎದುರಾಯಿತು. ಜೀವಮಾನವಿಡೀ ಇದು ಯಾವುದರ ಹಾಗಿದೆ ಎಂದು ಹುಡುಕಿದ ಹೇಮಪ್ಪ ಮೊದಲ ಸಲ ಯಾವುದರ ಹಾಗೂ ಇಲ್ಲದ ಒಂದು ಆಕಾರ ಹುಡುಕಬೇಕಾಗಿತ್ತು. ಸೀಮೆಸುಣ್ಣ ತೆಗೆದುಕೊಂಡು ಗೂಡುಸಾಬನ ಅಂಗಳದ ಪರಸಿಕಲ್ಲಿನ ಮೇಲೆ ಬರೆಯತೊಡಗಿದ.

ದುಂಡನೆಯ ಪೈಪು ಬರೆದ, ತುದಿಗೆ ದುಂಡು ಮುಚ್ಚಳ ಬರೆದ. ತಾನೇ ನೋಡಿ ಅಳಿಸಿದ. "ಲಿಂಗಪ್ಪ ಆಗ್ತಾನ."

ಮಳೆ ನೀರು ಬೀಳದಿರಲೆಂದು ಪೈಪಿನ ತುದಿಯನ್ನು ಕೆಳಕ್ಕೆ ಬಾಗಿಸಿದ.

"ಸೊಂಡಿ" ಎಂದ ಗೂಡುಸಾಬ. "ಚೌತಿ ಸನೇಕ ಬಂತು, ಹೇಮಣ್ಣ. ಗಣಪ್ಪನ್ನ ಕರೀಬ್ಯಾಡ."

ಮೇಲಕ್ಕೆ ಡೊಂಕು ಮಾಡಿದ. ಕದರಮಂಡಲಗಿಯ ಹಣಮಪ್ಪನ ಬಾಲ ಎಂದು ಹೇಳಲು ಇಬ್ಬರಿಗೂ ಧೈರ್ಯವಾಗಲಿಲ್ಲ. ಹೇಮಪ್ಪ ಅಂಗೈಯಿಂದ ಒರೆಸಿದ.

"ಮ್ಯಾಲ ಗುಮ್ಮಟ ಇಟ್ರ?"

"ನಮ್ಮ ಕಡೆ ಬರಬ್ಯಾಡ. ದರ್ಗಾ ಅಂತ ಚಾದರ ಹೊದಸ್ತಾರ, ಮತ್ತ ಗಾಳಿ ಬಂದ್."

ಕಡೆಗೆ ಹೇಮಪ್ಪ ನಾಲ್ಕು ಮೂಲೆಯ ಒಂದು ಉದ್ದನೆಯ ಡಬ್ಬಿ ಬರೆದ. ಅದಕ್ಕೆ ತಲೆಯಿಲ್ಲ, ಬಾಲವಿಲ್ಲ, ಸುಕ್ಕಿಲ್ಲ. ಗೋಡೆಗೆ ಆನಿಸಿ ನಿಲ್ಲಿಸಿದ ತಿಜೋರಿಯ ಹಾಗೆ ಅದು ಪೆಚ್ಚುಪೆಚ್ಚಾಗಿತ್ತು. ಗೂಡುಸಾಬ ತಲೆ ಓರೆ ಮಾಡಿ ನೋಡಿದ.

"ತಿಜೋರಿಗೂ ದೀಪಾವಳಿಗೆ ಪೂಜಾ ಮಾಡ್ತೀರಿ ನೀವು."

"ಒಳಗ ರೊಕ್ಕ ಇದ್ರ ಮಾಡ್ತೇವಿ. ಇದರಾಗ ಇರೂದು ಘಾಟು."

ತಗಡು ಕತ್ತರಿಸಿ, ಬೆಸುಗೆ ಹಾಕಿ, ಬೂದಿ ಬಣ್ಣ ಬಳಿದು ಅವನು ಅದನ್ನು ನಿಲ್ಲಿಸಿದ. ಫ್ಯಾನು ರಾಣೆಬೆನ್ನೂರಿನಿಂದ ಬಂತು. ಎದುರು ಗೋಡೆಯ ಬುಡದಲ್ಲಿ ಗೂಡುಸಾಬ ಗಾಳಿಗೆ ಕಿಂಡಿ ಬಿಟ್ಟ. ಹಾಲೆರೆಯುವ ಮನಸ್ಸು ಯಾರಿಗೂ ಬಾರದಿರಲೆಂದು ಆ ಕಿಂಡಿಗಳನ್ನು ಚರಂಡಿಯ ಪಕ್ಕಕ್ಕೇ ಬಿಟ್ಟ. ಗುಂಡಿ ಒತ್ತಿದರೆ ಫ್ಯಾನು ಗರ್ ಎಂದು ಘಾಟನ್ನೆಲ್ಲ ಎಳೆದು ಹೊರಗೆ ಚೆಲ್ಲಿತು. ಅದನ್ನು ಯಾರೂ ತಿರುಗಿ ನೋಡಲಿಲ್ಲ. ಮಂಗಳವ್ವ ಊಟದ ಹೊತ್ತಿಗೆ ಒಗೆದ ವಸ್ತ್ರವನ್ನು ಅದರ ಮೇಲೆ ಒಣ ಹಾಕಿದಳು. ಹೇಮಪ್ಪನಿಗೆ ಅಂದು ಆದಷ್ಟು ಅವಮಾನ ಕೊಕ್ಕರೆಯ ಸ್ಟೂಲಿನಿಂದಲೂ ಆಗಿರಲಿಲ್ಲ. ಮಾಡಿದ ಕೆಲಸಗಳಲ್ಲೆಲ್ಲ ಅತ್ಯಂತ ಕುರೂಪಿ ಇದೇ, ಯಾವ ಬುದ್ಧಿಯೂ ಬೇಡದ್ದು ಇದೇ.

ಒಂದು ಸಂಜೆ ಅವನು ಮನೆಯ ಹಿತ್ತಲ ಕಲ್ಲಿನ ಮೇಲೆ ಕೂತು ಕೈಯ ಗ್ರೀಸು ತೊಳೆಯುತ್ತಿದ್ದ. ದ್ರಾಕ್ಷಾಯಿಣಿ ತಂಬಿಗೆಯಿಂದ ನೀರು ಹನಿಸುತ್ತಿದ್ದಳು. ಅವಳು ಕೆಮ್ಮಿ ಬಹಳ ದಿನವಾಗಿತ್ತು. ಅದರ ಸಮಾಧಾನ ಅವನಿಗೆ ಇತ್ತು, ಆದರೆ ಹುತ್ತ ಕೆಟ್ಟ ಸಿಟ್ಟೂ ಇಳಿದಿರಲಿಲ್ಲ.

"ಆ ಹುತ್ತಕ್ಕ ಮೊದಲ ದಿನ ಅರಿಸಿನ ಹಚ್ಚಿದಾಕಿ ಯಾರಂತ ನನಗ ಗೊತ್ತಾಗಬೇಕು" ಎಂದ.

"ಗೊತ್ತಾದ್ರ ಏನ್ಮಾಡ್ತೀರಿ?"

"ಏನೂ ಮಾಡಂಗಿಲ್ಲ. ಕೇಳ್ತೇನಿ, ನಾ ನಿನಗ ಏನ್ ಮಾಡಿದ್ನಿ ಅಂತ."

"ನನ್ನ ಕೆಮ್ಮು ನಿಲ್ಲಿಸಿದ್ರಿ."

ಹೇಮಪ್ಪ ಕೈ ಉಜ್ಜುವುದನ್ನು ನಿಲ್ಲಿಸಿ ತಲೆಯೆತ್ತಿದ. ಅವಳು ಅವನನ್ನು ನೋಡದೆ ತಂಬಿಗೆಯ ಬಾಯನ್ನೇ ನೋಡುತ್ತಿದ್ದಳು.

"ಕೆಮ್ಮು ನಿಂತ ಮ್ಯಾಲ ಒಂದು ದಿನ ಕೆಲಸ ಬಿಟ್ಟು ಹೊರಗ ಬಂದ್ನಿ. ಎದಿ ತುಂಬ ಉಸಿರು ಬಂತು. ಯಾರಿಗರ ಕೈ ಮುಗೀಬೇಕು ಅನಿಸ್ತು. ನೀವು ಅಲ್ಲೇ ನಿಚ್ಚಣಿಕಿ ಮ್ಯಾಲಿದ್ರಿ, ಹುತ್ತದ ಬಿರುಕಿಗೆ ಮತ್ತ ಮಣ್ಣು ಮೆತ್ತಾಕತ್ತಿದ್ರಿ, ಮೈಯೆಲ್ಲಾ ರಾಡಿ. ಹೆಂಗಸ್ರೆಲ್ಲ ನೋಡಾಕತ್ತಿದ್ರು. ಅವರ ಮುಂದ ನಿಮಗ ಹೆಂಗ ಮುಗೀಲಿ? ನಕ್ಕಾರಂತ ಸುಮ್ಮನ ಮನಿಗೆ ಬಂದ್ನಿ. ಮರುದಿನ ನಸುಕಿನ್ಯಾಗ ಹೋಗಿ ಹುತ್ತಕ್ಕ ಅರಿಸಿನ ಹಚ್ಚಿದ್ನಿ. ಉಳಿದವರು ನನ್ನ ನೋಡಿ ಹಚ್ಚಿದ್ರು."

ಹೇಮಪ್ಪ ಗ್ರೀಸು ಹೋದ ಬೆರಳನ್ನೇ ಮತ್ತೆ ಉಜ್ಜಿದ. ಏನಾದರೂ ಕೇಳಬೇಕಲ್ಲ ಎಂದು ಕೇಳಿದ.

"ಮತ್ತ ಪೈಪಿಗೆ?"

"ಪೈಪಿಗೆ ಯಾರರ ಕೈ ಮುಗೀತಾರೇನು?" ಎಂದು ದ್ರಾಕ್ಷಾಯಿಣಿ ಉಳಿದ ನೀರನ್ನೆಲ್ಲ ಅವನ ಕೈ ಮೇಲೆ ಹೊಯ್ದಳು. "ಅದಕ್ಕ ಈ ಸಲ ನಿಮಗೇ 'ಚಲೋ ಆಗೇತಿ' ಅಂತ ಹೇಳಾಕತ್ತೇನಿ."